ರೊಟ್ಟಿ ತಿರುಗುವ ದಿಕ್ಕು

ನನ್ನ ಹೊಟ್ಟೆಪಾಡು ನಡೆಯುತ್ತಿರುವುದೇ ಸುತ್ತುವ ವಸ್ತುಗಳಿಂದ. ಶಹಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷಗಳಿಂದ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ದಾರ ಕಟ್ಟಿದ ಕಲ್ಲು ಸುತ್ತುವುದು, ಗಾಡಿಯ ಗಾಲಿ ಸುತ್ತುವುದು, ಚಂದ್ರ ಭೂಮಿಯನ್ನು ಸುತ್ತುವುದು, ಎಲೆಕ್ಟ್ರಾನು ಇನ್ನೇನನ್ನೋ ಸುತ್ತುವುದು, ಇಷ್ಟನ್ನೇ ಹೇಳಿ ಹೇಳಿ ಮನೆ ಕಟ್ಟಿಸಿದೆ, ಮಗಳ ಮದುವೆ ಮಾಡಿದೆ. ಕೈವಾರವಿಲ್ಲದೆ ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ನಾನು ಬರೆಯುವ ವೃತ್ತವನ್ನು ನೋಡಿ ಹೊಸ ಬ್ಯಾಚಿನ ಹುಡುಗಿಯರು ಪ್ರತಿವರ್ಷ ಚಪ್ಪಾಳೆ ತಟ್ಟುತ್ತಾರೆ. ನಾನು ಪ್ರತಿವರ್ಷ ಮೊದಲ ಸಲ ತಟ್ಟಿದಷ್ಟೇ ಹಿಗ್ಗುತ್ತೇನೆ. ಮೂರು ವರ್ಷದ ಹಿಂದೆ ಕಂಪ್ಯೂಟರಿನ ಮೇಷ್ಟ್ರು ವರ್ಗವಾಗಿ ಹೋದಾಗ ಆ ವಿಷಯವನ್ನೂ ನನ್ನ ತಲೆಗೇ ಕಟ್ಟಿದರು. ಅಲ್ಲಿಯೂ ಇದೇ ಕಥೆ. ಒಂದು ಕೆಲಸವನ್ನು ಹೇಳಿ, 'ಆಗುವವರೆಗೆ ಮತ್ತೆ ಮಾಡು' ಅಂದರೆ ಸಾಕು, ಆ ಯಂತ್ರ ಗಾಣದೆತ್ತಿನಂತೆ ತಿರುಗುತ್ತಲೇ ಇರುತ್ತದೆ. ನಮ್ಮ ಲ್ಯಾಬಿನಲ್ಲಿ ಇಂಟರ್ನೆಟ್ ಬರುವುದಕ್ಕೆ ಮುಂಚೆ ಪರದೆಯ ನಡುವೆ ಒಂದು ಪುಟ್ಟ ಚಕ್ರ ಸುತ್ತುತ್ತದಲ್ಲ, ಅದನ್ನು ನೋಡುತ್ತಾ ಕಳೆದ ಹೊತ್ತನ್ನೆಲ್ಲ ಕೂಡಿಸಿದರೆ ನಾನು ಇನ್ನೊಂದು ಎಂಎಸ್ಸಿ ಮಾಡಬಹುದಿತ್ತು.

ಮಾತಿನಲ್ಲಂತೂ ಕೇಳಲೇಬೇಡಿ. ನಮ್ಮ ಜನಕ್ಕೆ ನೇರವಾಗಿ ಹೋಗುವುದರಲ್ಲಿ ನಂಬಿಕೆ ಕಡಿಮೆ ಎಂದು ನನಗೆ ಬಹಳ ಸಲ ಅನ್ನಿಸಿದೆ. ಊರು ಸುತ್ತುತ್ತೇವೆ, ಗುಡಿ ಸುತ್ತುತ್ತೇವೆ, ಮಾತನ್ನು ಸುತ್ತಿ ಬಳಸಿ ಆಡುತ್ತೇವೆ. ಬಿಸಿಲಿಗೆ ತಲೆ ಸುತ್ತುತ್ತದೆ. ಸಿಟ್ಟು ಬಂದರೆ ಕಣ್ಣು ತಿರುವುತ್ತೇವೆ, ಹಿರಿಯರಿಗೆ ತಿರುಗಿ ಮಾತಾಡಿ ಬೈಸಿಕೊಳ್ಳುತ್ತೇವೆ. ಸರ್ಕಾರಕ್ಕೆ ನಮ್ಮ ಹತ್ತಿರ ಏನಾದರೂ ಹೇಳುವುದಿದ್ದರೆ ಅದು ಕೂಡ ಸುತ್ತೋಲೆಯನ್ನೇ ಕಳಿಸುತ್ತದೆ. ಇಷ್ಟೆಲ್ಲ ಸುತ್ತುಗಳ ನಡುವೆ ಬದುಕಿ, ಅದರ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವ ನಾನು, ಐವತ್ಮೂರನೆಯ ವಯಸ್ಸಿನಲ್ಲಿ ಅಂಗೈಯಗಲದ ಜೋಳದ ಹಿಟ್ಟನ್ನು ದುಂಡಗೆ ತಿರುಗಿಸಲಾರದೆ ಕಣ್ಣೀರು ಹಾಕಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆಗ ನಗುವ ಸ್ಥಿತಿಯಲ್ಲಿ ಇರದಿದ್ದವನು ನಾನೊಬ್ಬನೇ.

ಆದದ್ದು ಇಷ್ಟು. ನನ್ನ ಹೆಂಡತಿ ಸುವರ್ಣಾ ಬಚ್ಚಲ ಮುಂದಿನ ಫರಸಿ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದಳು. ಬೀಳುವಾಗ ಬಲಗೈ ಊರಿದಳು. ಯಾದಗಿರಿಗೆ ಕರೆದುಕೊಂಡು ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಅವರು ಫೋಟೋ ತೆಗೆಸಿ, ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿ ಪ್ಲಾಸ್ಟರು ಹಾಕಿ, ಆರು ವಾರ ಈ ಕೈಯಿಂದ ಚಮಚೆಯನ್ನೂ ಎತ್ತಕೂಡದೆಂದು ಹೇಳಿ ಕಳಿಸಿದರು. ವಾಪಸು ಬರುವ ಬಸ್ಸಿನಲ್ಲಿ ಸುವರ್ಣಾ ಕಿಟಕಿಯ ಆಚೆ ನೋಡುತ್ತ, "ಅತ್ತಿ ರೊಟ್ಟಿ ಗತಿ ಏನ್ರಿ?" ಎಂದಳು. ನಾನು ಗಂಡಸಿನ ಧೈರ್ಯದಿಂದ, "ಅದೇನು ದೊಡ್ಡ ಮಾತು? ಏನರ ಮಾಡೋಣಂತ" ಎಂದೆ. ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗಿ ಗೊತ್ತಿದ್ದವನ ಮಾತು ಅದು.

ಇಲ್ಲಿ ನನ್ನ ಅವ್ವನ ವಿಷಯ ಹೇಳಬೇಕು. ಅವ್ವನಿಗೆ ಎಪ್ಪತ್ತೇಳು. ಕೆಂಭಾವಿಯ ಹೆಣ್ಣುಮಗಳು, ಹದಿನಾರಕ್ಕೆ ಈ ಮನೆಗೆ ಸೊಸೆಯಾಗಿ ಬಂದವಳು. ಈಗ ಮೊಣಕಾಲು ಹಿಡಿದಿವೆ, ಬೆರಳಿನ ಗಂಟುಗಳು ಬಾತಿವೆ, ಬಾಯಲ್ಲಿ ಹಲ್ಲಿಲ್ಲ, ಮೈಯಲ್ಲಿ ಶುಗರ್ ಇದೆ. ಇಷ್ಟರ ನಡುವೆ ಅವಳಿಗೆ ಉಳಿದಿರುವ ಒಂದೇ ಹಟವೆಂದರೆ ಹಂಚಿನಿಂದ ಆಗಷ್ಟೇ ಇಳಿದ ಮೆತ್ತನೆಯ ಜೋಳದ ರೊಟ್ಟಿ. ಹಟ ಎಂದರೂ ಅದು ಬಾಯಿಮಾತಿನ ಹಟವಲ್ಲ. ಅನ್ನ ಹಾಕಿದರೆ ಬೇಡ ಅನ್ನುವುದಿಲ್ಲ. ಎರಡು ತುತ್ತು ಕಲಸಿ, ತಟ್ಟೆಯ ಒಂದು ಬದಿಗೆ ಸರಿಸಿ, "ಹಸಿವಿಲ್ಲೋ ತಮ್ಮಾ" ಎನ್ನುತ್ತಾಳೆ. "ಅನ್ನ ಉಂಡ್ರ ಉಂಡಂಗ ಆಗಂಗಿಲ್ಲ. ನೀವು ಉಣ್ರಿ" ಎಂದು ನಮ್ಮನ್ನೇ ಸಮಾಧಾನ ಮಾಡುತ್ತಾಳೆ. ಜಗಳ ಮಾಡುವವರ ಜೊತೆ ಗೆಲ್ಲಬಹುದು, ಹೀಗೆ ನಯವಾಗಿ ಉಪವಾಸ ಕೂರುವವರ ಜೊತೆ ಏನು ಮಾಡುವುದು?

ಉಪಾಯಗಳನ್ನೆಲ್ಲ ಮಾಡಿದೆವು. ಬಸ್ ನಿಲ್ದಾಣದ ಹತ್ತಿರ ರೊಟ್ಟಿ ಮಾರುವ ಮನೆಯಿಂದ ತಂದೆ. ಮನೆ ಮುಟ್ಟುವುದರೊಳಗೆ ಅವು ಚರ್ಮವಾಗಿದ್ದವು. ಸುದ್ದಿ ಕೇಳಿ ಸುರಪುರದಿಂದ ಸುವರ್ಣಾಳ ತವರಿನವರು ಒಂದು ಡಬ್ಬಿ ಖಡಕ್ ರೊಟ್ಟಿ ಕಳಿಸಿದರು. ಹಲ್ಲಿದ್ದವರಿಗೆ ಅದು ಹಬ್ಬ, ಹಲ್ಲಿಲ್ಲದ ಅವ್ವ ಅದನ್ನು ಕೈಯಲ್ಲಿ ಹಿಡಿದು ಬಾಗಿಲ ಕಡೆ ನೋಡುತ್ತ ಕೂತಳು. ರೊಟ್ಟಿ ಒತ್ತುವ ಯಂತ್ರ ಕೊಳ್ಳುತ್ತೇನೆಂದರೆ, "ಮಿಷಿನ್ನಿಗೆ ಕೈ ಅದಾವೇನೋ?" ಎಂದು ಕೇಳಿದಳು. ಯಂತ್ರ ಕೊಳ್ಳುವ ಮಾತನ್ನು ಅಲ್ಲಿಗೇ ಬಿಟ್ಟೆ. ಪಕ್ಕದ ಮನೆಯ ಮೆಹಬೂಬಿ ಆಪಾ, "ಕಾಯ್ಕು ಪರೇಶಾನ್ ಹೋತೇ ಮಾಸ್ಟರ್ ಸಾಬ್? ನಾ ಕಳಸ್ತೀನಲ್ರಿ" ಎಂದು ನಾಲ್ಕು ದಿನ ಬಿಸಿಬಿಸಿ ರೊಟ್ಟಿ ಕಳಿಸಿದರು. ಅವ್ವ ಚೆನ್ನಾಗಿಯೇ ಉಂಡಳು. ನಾಲ್ಕನೆಯ ದಿನ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ, "ನಾಳಿಯಿಂದ ಬ್ಯಾಡ. ಆಕಿ ಮನ್ಯಾಗ ಒಂಬತ್ತು ಮಂದಿ ಅದಾರ. ಅಷ್ಟೂ ಮಂದಿಗೆ ಬಡದು ಮ್ಯಾಲ ನನಗೂ ಬಡಿಬೇಕೇನು? ಆಕಿದೂ ಕೈನ ಅಲ್ಲೇನು?" ಎಂದಳು. ಆಪಾ ಬಂದು ಬೈದು ಹೋದರೂ ಅವ್ವ ಜಗ್ಗಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಅವ್ವ ಕಟ್ಟೆಯ ಮೇಲಿಂದ ಎದ್ದು ಎರಡು ಹೆಜ್ಜೆ ಇಟ್ಟಳು, ಗೋಡೆ ಹಿಡಿದಳು, ಹಾಗೆಯೇ ಕುಸಿದು ಕೂತಳು. ಮೈ ತಣ್ಣಗೆ ಬೆವರಿತ್ತು. "ಮನಿ ತಿರಗಾಕತ್ತದೋ ತಮ್ಮಾ, ಹಿಡಿ" ಎಂದಳು. ಸುವರ್ಣಾ ಒಂದೇ ಕೈಯಲ್ಲಿ ಸಕ್ಕರೆ ಡಬ್ಬಿ ತಂದಳು. ನಮ್ಮ ಬೀದಿಯ ಡಾಕ್ಟರು ಬಂದು ನೋಡಿ ನನ್ನನ್ನು ಹೊರಗೆ ಕರೆದರು. "ಸರ್, ಗುಳಿಗಿ ನುಂಗಿ ಹೊಟ್ಟಿಗೆ ಏನೂ ಹಾಕಲಿಲ್ಲಂದ್ರ ಹಿಂಗ ಆಗೋದು. ಈ ಸಲ ಗ್ವಾಡಿ ಹಿಡದು ಕುಂತ್ರು, ಚಲೋ ಆತು. ಮುಂದಿನ ಸಲ ಬಚ್ಚಲದಾಗ ಬಿದ್ರ ನಾ ಬಂದು ಏನೂ ಮಾಡಾಕ ಆಗಂಗಿಲ್ಲ. ಏನು ಉಣ್ತಾರೋ ಅದನ್ನ ಹೊತ್ತಿಗೆ ಸರಿಯಾಗಿ ಉಣಸ್ರಿ" ಎಂದರು. ನಾನು ಅಂದು ಕಾಲೇಜಿಗೆ ಹೋಗಲಿಲ್ಲ. ಅವ್ವನ ಹಾಸಿಗೆಯ ಹತ್ತಿರ ಕೂತಿದ್ದೆ. ನನಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಹೆದರಿಕೆಯಲ್ಲೇ ತೀರ್ಮಾನ ಮಾಡಿದೆ. ರೊಟ್ಟಿ ನಾನೇ ಬಡಿಯುತ್ತೇನೆ. ಅವ್ವ ಪೂರ್ತಿ ಒಂದು ರೊಟ್ಟಿ ತಿನ್ನುವವರೆಗೆ ಬಿಡುವುದಿಲ್ಲ.

ಸುವರ್ಣಾಳಿಗೆ ಹೇಳಿದಾಗ ಅವಳು ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿ, ಅಡುಗೆಮನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷಾ ಮೇಲ್ವಿಚಾರಕಳಂತೆ ಕೂತಳು. ನಾನು ತಯಾರಿ ಇಲ್ಲದೆ ಯಾವ ಕ್ಲಾಸಿಗೂ ಹೋಗುವವನಲ್ಲ. ಹಿಂದಿನ ದಿನವೇ ಒಂದು ಹಾಳೆಯ ಮೇಲೆ ಕಂಪ್ಯೂಟರಿಗೆ ಬರೆಯುವ ಹಾಗೆ ಕ್ರಮ ಬರೆದಿಟ್ಟಿದ್ದೆ. ಕುದಿಯುವ ನೀರು ಹಾಕಿ ಹಿಟ್ಟು ನಾದು, ಉಂಡೆ ಮಾಡು, ಒಣಹಿಟ್ಟಿನ ಮೇಲಿಟ್ಟು ಒಮ್ಮೆ ಬಡಿ, ಸ್ವಲ್ಪ ತಿರುಗಿಸು, ದುಂಡಗಾಗಿದೆಯೇ ನೋಡು, ಆಗಿಲ್ಲದಿದ್ದರೆ ಮತ್ತೆ ಬಡಿ. ಹಾಳೆಯನ್ನು ಸುವರ್ಣಾಳಿಗೆ ತೋರಿಸಿದೆ. "ಉಪ್ಪಿನ ಡಬ್ಬಿ ಕೆಳಗ ಇಡ್ರಿ ಅದನ್ನ, ಹಾರಿ ಹೋದೀತು" ಎಂದಳು.

ಕ್ರಮದಲ್ಲಿ ತಪ್ಪಿರಲಿಲ್ಲ, ಇಂದಿಗೂ ಹೇಳುತ್ತೇನೆ. ತೊಂದರೆ ಇದ್ದದ್ದು ಒಂದೇ ಕಡೆ. 'ದುಂಡಗಾಗುವವರೆಗೆ' ಎಂದು ನಾನು ಬರೆದಿದ್ದೆ, ಅದು ದುಂಡಗಾಗುತ್ತಲೇ ಇರಲಿಲ್ಲ. ನಮ್ಮ ವಿದ್ಯಾರ್ಥಿಗಳು ಬರೆದ ಎಷ್ಟೋ ಪ್ರೋಗ್ರಾಮುಗಳು ಹೀಗೆ ಕೊನೆಯಿಲ್ಲದೆ ಸುತ್ತಿ ಯಂತ್ರವನ್ನು ಕಟ್ಟಿಹಾಕಿದಾಗ, "ನಿಲ್ಲುವ ಷರತ್ತು ಹಾಕದೆ ಓಡಿಸಿದ ಮೂರ್ಖ ಯಾರು?" ಎಂದು ನಾನೇ ಕೇಳಿದ್ದೇನೆ. ಈಗ ಆ ಮೂರ್ಖ ಪಂಚೆ ಎತ್ತಿ ಕಟ್ಟಿ ರೊಟ್ಟಿಕಲ್ಲಿನ ಮುಂದೆ ನಿಂತಿದ್ದ. ಬಡಿಯುತ್ತೇನೆ, ಒಂದು ಕಡೆ ಉದ್ದವಾಗುತ್ತದೆ. ಆ ಉದ್ದವನ್ನು ಸರಿಮಾಡಲು ಇನ್ನೊಂದು ಕಡೆ ಬಡಿಯುತ್ತೇನೆ, ಅಲ್ಲಿ ಸೀಳುತ್ತದೆ. ಸೀಳಿದ್ದನ್ನು ಒತ್ತಿ ಹೊಲಿಯುತ್ತೇನೆ, ಅಷ್ಟರಲ್ಲಿ ಹಿಟ್ಟು ಆರಿ ಜಿಗಿ ಹೋಗುತ್ತದೆ. ಎತ್ತಿ ಹಂಚಿಗೆ ಹಾಕಲು ಹೋದರೆ ಅರ್ಧ ಕೈಯಲ್ಲಿ, ಅರ್ಧ ಕಲ್ಲಿನ ಮೇಲೆ. ಮೊದಲ ದಿನ ನಾನು ಮಾಡಿದ ನಾಲ್ಕು ರೊಟ್ಟಿಗಳಲ್ಲಿ ಒಂದು ನಮ್ಮೂರಿನ ಗುಡ್ಡವನ್ನು ದೂರದಿಂದ ನೋಡಿದ ಹಾಗಿತ್ತು. ಮಿಕ್ಕ ಮೂರಕ್ಕೆ ಅಷ್ಟು ಗೌರವದ ಹೋಲಿಕೆಯೂ ಸಿಗಲಿಲ್ಲ. ಅವ್ವನ ತಟ್ಟೆಗೆ ಗುಡ್ಡವನ್ನೇ ಹಾಕಿದೆ. ಅವಳು ಪುಂಡಿಪಲ್ಯ ಹಚ್ಚಿ ಒಂದು ಚೂರು ಬಾಯಲ್ಲಿಟ್ಟು ಬಹಳ ಹೊತ್ತು ತಿರುವಿದಳು. "ಚಲೋ ಆಗ್ಯಾದ" ಎಂದಳು. ಮಿಕ್ಕದ್ದನ್ನು ಹಿತ್ತಲಿನ ಎಮ್ಮೆಗೆ ಕೊಡಿಸಿದಳು.

"ಏನ್ರಿ, ಹಿಡಿದು ಹಿಡಿದು ತಿರುವಬ್ಯಾಡ್ರಿ ಅದನ್ನ" ಎಂದು ಸುವರ್ಣಾ ಎರಡನೆಯ ದಿನದಿಂದಲೂ ಬಡಕೊಳ್ಳುತ್ತಿದ್ದಳು. "ಬಡದ್ರ ತಾನ ತಿರಗತದ."

"ತಾನ ಹೆಂಗ ತಿರಗತದ? ಹೊರಗಿಂದ ಬಲ ಬೀಳದ ಯಾವ ವಸ್ತುನೂ ತಿರಗಂಗಿಲ್ಲ" ಎಂದೆ.

"ನಿಮ್ಮ ಬಲ ನಿಮ್ಮ ಕಾಲೇಜಿನ್ಯಾಗ ಇಡ್ರಿ. ಇಲ್ಲಿ ಕೈ ಹಗರ ಇರಬೇಕು."

ಆಮೇಲೆ ಯೋಚಿಸಿ ನೋಡಿದರೆ ಅವಳು ಹೇಳಿದ್ದು ನೂರಕ್ಕೆ ನೂರು ಸರಿಯಾದ ಭೌತಶಾಸ್ತ್ರ. ಅಂಗೈ ನಡುಮಧ್ಯಕ್ಕೆ ಬೀಳದೆ ಒಂಚೂರು ಅಂಚಿನ ಕಡೆಗೆ, ಒಂಚೂರು ಓರೆಯಾಗಿ ಬೀಳಬೇಕು. ಪ್ರತಿ ಏಟು ಹಿಟ್ಟನ್ನು ಅಗಲ ಮಾಡುತ್ತಲೇ ಒಂದಿಷ್ಟು ಸರಿಸುತ್ತದೆ. ಹಾಗೆ ಸರಿಯುವುದರಿಂದಲೇ ಮುಂದಿನ ಏಟು ಹೊಸ ಜಾಗಕ್ಕೆ ಬೀಳುತ್ತದೆ. ಬಡಿಯುವುದು ಬೇರೆ, ತಿರುಗಿಸುವುದು ಬೇರೆ ಅಲ್ಲವೇ ಅಲ್ಲ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಬೇಡಿ, ದೂರ ತಳ್ಳಿ ಎಂದು ಇಪ್ಪತ್ತೇಳು ವರ್ಷ ಹೇಳಿದ ನನಗೆ ಇದು ಹೊಳೆದಿರಲಿಲ್ಲ. ಹೊಳೆದ ಮೇಲೂ ಕೈಗೆ ಬರಲಿಲ್ಲ. ಬಲಗೈಯಲ್ಲಿ ಹಗುರವಾಗಿ ಬಡಿದರೆ ಹಿಟ್ಟು ಅಲುಗುತ್ತಿರಲಿಲ್ಲ, ಜೋರಾಗಿ ಬಡಿದರೆ ಹರಿಯುತ್ತಿತ್ತು. ಆರು ದಿನ ಹೀಗೇ ಆಯಿತು. ಅವ್ವ ದಿನಕ್ಕೆ ಅರ್ಧ ರೊಟ್ಟಿಯಷ್ಟು ಚೂರುಗಳನ್ನು ಹಾಲಿನಲ್ಲಿ ನೆನೆಸಿ, ನನಗಾಗಿ ತಿನ್ನುತ್ತಿದ್ದಳು. ಅವಳ ಕುಪ್ಪಸದ ತೋಳು ಸಡಿಲವಾದದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಆರನೆಯ ದಿನ ಹರಿದ ರೊಟ್ಟಿಯ ಮುಂದೆ ನಿಂತು ಅತ್ತೆ. ಒಲೆಯ ಝಳ ಎಂದು ಸುವರ್ಣಾಳಿಗೆ ಹೇಳಿದೆ. ಅವಳು ನಂಬಿದ ಹಾಗೆ ಮಾಡಿದಳು.

ಏಳನೆಯ ದಿನ ಹಂಚು ಬಡಿದು ಬಲಗೈಯ ಎರಡು ಬೆರಳು ಸುಟ್ಟವು. ಸುವರ್ಣಾ ಇವತ್ತಿಗೆ ಸಾಕು ಬಿಡಿ ಎಂದಳು. ಬಿಡುವುದೆಂದರೇನು? ಡಾಕ್ಟರ ಮಾತು ಕಿವಿಯಲ್ಲಿತ್ತು. ಸುಟ್ಟ ಕೈಯನ್ನು ನೀರಿನ ತಂಬಿಗೆಯಲ್ಲಿ ಅದ್ದಿ, ಎಡಗೈಯಿಂದ ಉಂಡೆಯನ್ನು ಒತ್ತಿ ಎರಡು ಏಟು ಹಾಕಿದೆ. ಹಿಟ್ಟು ತಿರುಗಿತು. ನಾನು ತಿರುಗಿಸಲಿಲ್ಲ, ತಾನೇ ತಿರುಗಿತು. ಇನ್ನೆರಡು ಏಟು ಹಾಕಿದೆ, ಮತ್ತೆ ತಿರುಗಿತು. ತಪ್ ತಪ್ ತಪ್ ಎಂದು ಕೈ ತನ್ನ ಪಾಡಿಗೆ ತಾನು ಹೊಡೆಯತೊಡಗಿತು. ರೊಟ್ಟಿ ಕಲ್ಲಿನ ಮೇಲೆ ಗಿರಗಿರ ಸುತ್ತುತ್ತ ಎಲ್ಲ ಕಡೆಗೂ ಒಂದೇ ಸಮ ಅಗಲವಾಯಿತು. ಸುವರ್ಣಾಳದು ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಿತ್ತು, ನನ್ನದು ಅದಕ್ಕೆ ಉಲ್ಟಾ. ಎತ್ತಿ ಹಂಚಿಗೆ ಹಾಕಿ, ನೀರು ಸವರಿ, ಮಗುಚಿದಾಗ ಅದು ಪೂರಿಯ ಹಾಗೆ ಉಬ್ಬಿತು. ನಾನು ಕೂಗಿಬಿಟ್ಟೆ. ಸುವರ್ಣಾ ಕುರ್ಚಿಯಿಂದ ಎದ್ದು ಬಂದು ನೋಡಿದಳು. "ಅಯ್ಯ, ಎಷ್ಟ್ ಚಂದ ಆಗ್ಯಾದ್ರಿ!" ಎಂದವಳು ತಕ್ಷಣ ದನಿ ತಗ್ಗಿಸಿ ಬಾಗಿಲು ಮುಂದೆ ಮಾಡಿದಳು. ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ.

ನಾನು ಹುಟ್ಟಾ ಎಡಚ. ಅದನ್ನು ನಾನೇ ಮರೆತಿದ್ದೆ. ಚಿಕ್ಕವನಿದ್ದಾಗ ತಟ್ಟೆಯ ಕಡೆಗೆ, ಬಳಪದ ಕಡೆಗೆ, ಪ್ರಸಾದದ ಕಡೆಗೆ ನನ್ನ ಎಡಗೈಯೇ ಮೊದಲು ಹೋಗುತ್ತಿತ್ತಂತೆ. ಅವ್ವ ನನ್ನ ಅಂಗಿಯ ಎಡತೋಳನ್ನು ಬೆರಳುಗಳ ಆಚೆಗೂ ಎಳೆದು ಗಂಟು ಹಾಕಿ ಊಟಕ್ಕೆ ಕೂರಿಸುತ್ತಿದ್ದಳು. ಆ ಗಂಟು ಮಾತ್ರ ನೆನಪಿದೆ. ಕೈ ಬೆವರುತ್ತಿತ್ತು. ನಾನು ಅತ್ತರೆ ಅವ್ವ ಬೇರೆ ಕಡೆ ನೋಡುತ್ತಿದ್ದಳು, ಗಂಟು ಬಿಚ್ಚುತ್ತಿರಲಿಲ್ಲ. ಎಡಗೈಯಲ್ಲಿ ಕೊಟ್ಟದ್ದನ್ನು ಅವಳು ಇವತ್ತಿಗೂ ತೆಗೆದುಕೊಳ್ಳುವುದಿಲ್ಲ, ಸೊಪ್ಪಿನವಳು ಎಡಗೈಯಿಂದ ಚಿಲ್ಲರೆ ಕೊಟ್ಟರೆ ಕೆಳಗಿಡಲು ಹೇಳುತ್ತಾಳೆ. ಅಂಥವಳಿಗೆ ಈ ರೊಟ್ಟಿ ಎಡಗೈಯಿಂದ ಬಡಿದದ್ದು ಎಂದು ಗೊತ್ತಾದರೆ? ಹಸಿವಿಲ್ಲೋ ತಮ್ಮಾ ಎಂಬ ಅದೇ ಮಾತು ಬರುತ್ತದೆ, ಮತ್ತೆ ಮನೆ ತಿರುಗುತ್ತದೆ.

ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯುತ್ತ ನಾನು ಈ ಅನ್ಯಾಯದ ಬಗ್ಗೆ ಬಹಳ ಯೋಚಿಸಿದೆ. ಬಲಗಡೆಯಿಂದ ಸುತ್ತಿದರೆ ಪ್ರದಕ್ಷಿಣೆ, ಪುಣ್ಯ. ಎಡಗಡೆಯಿಂದ ಸುತ್ತಿದರೆ ಅಪ್ರದಕ್ಷಿಣೆ, ಅಪಶಕುನ. ಸರಿ, ಭೂಮಿ ಯಾವ ಕಡೆ ತಿರುಗುತ್ತದೆ? ಉತ್ತರ ಧ್ರುವದ ಮೇಲೆ ನಿಂತು ನೋಡಿದರೆ ಗಡಿಯಾರಕ್ಕೆ ಉಲ್ಟಾ, ನನ್ನ ರೊಟ್ಟಿಯ ಹಾಗೆಯೇ. ದಕ್ಷಿಣ ಧ್ರುವದ ಮೇಲೆ ನಿಂತು ನೋಡಿದವನಿಗೆ ಅದೇ ಭೂಮಿ ಸುವರ್ಣಾಳ ರೊಟ್ಟಿಯ ಹಾಗೆ ತಿರುಗುತ್ತದೆ. ಭೂಮಿಗೆ ತಾನು ಯಾವ ಕೈಯವಳು ಎಂಬ ಚಿಂತೆಯಿಲ್ಲ. ಕಂಪ್ಯೂಟರಿಗೂ ಇಲ್ಲ. ಒಂದು ಸಾಲಿನ ಅಂಕಿಗಳನ್ನು ಎಡಕ್ಕೆ ಸುತ್ತಿಸು ಎಂದರೆ ಎಡಗಡೆ ಹೊರಬಿದ್ದ ಅಂಕಿಯನ್ನು ಬಲಗಡೆಯಿಂದ ಒಳಗೆ ಕರೆದುಕೊಳ್ಳುತ್ತದೆ. ಬಲಕ್ಕೆ ಎಂದರೆ ಬಲದಲ್ಲಿ ಬಿದ್ದದ್ದನ್ನು ಎಡದಿಂದ ಕರೆದುಕೊಳ್ಳುತ್ತದೆ. ಅದರ ಅಂಗಿತೋಳಿಗೆ ಯಾರೂ ಗಂಟು ಹಾಕಿಲ್ಲ. ಇದನ್ನೆಲ್ಲ ನಾನು ಸುವರ್ಣಾಳಿಗೆ ಪಿಸುದನಿಯಲ್ಲಿ ವಿವರಿಸಿದೆ. "ಹಂಚು ಕಾದದ, ನೋಡ್ರಿ" ಎಂದಳು.

ಅಂದು ಅವ್ವ ಒಂದು ರೊಟ್ಟಿ ಪೂರ್ತಿ ತಿಂದಳು. ಮರುದಿನ ಒಂದೂವರೆ. ಬೆಳಿಗ್ಗೆ ಕಾಲೇಜಿಗೆ ಮುಂಚೆ ಎರಡು, ಸಂಜೆ ಬಂದು ಎರಡು, ಹೀಗೆ ನಾನು ದಿನದ ವೇಳಾಪಟ್ಟಿಯನ್ನೇ ರೊಟ್ಟಿಯ ಸುತ್ತ ಕಟ್ಟಿಕೊಂಡೆ. ಸ್ಟಾಫ್ ರೂಮಿನಲ್ಲಿ ನನ್ನ ಉಗುರಿನ ಸಂದಿಯ ಹಿಟ್ಟನ್ನು ಸೀಮೆಸುಣ್ಣ ಎಂದು ಎಲ್ಲರೂ ತಿಳಿದುಕೊಂಡಿದ್ದರು. ಅವ್ವನ ಮುಖಕ್ಕೆ ಬಣ್ಣ ಬಂತು, ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸತೊಡಗಿದಳು, ಡಾಕ್ಟರು ಶುಗರ್ ಸರಿಯಾಗಿದೆ ಎಂದರು. ಆದರೆ ನನಗೆ ಮಾತ್ರ ಒಳಗೊಳಗೇ ಚುಚ್ಚುತ್ತಿತ್ತು. ಅವ್ವ ತನ್ನ ಜೀವಮಾನವಿಡೀ ದೂರ ಇಟ್ಟ ಕೈಯಿಂದಲೇ ಅವಳಿಗೆ ಮೋಸದಿಂದ ಉಣಿಸುತ್ತಿದ್ದೆನಲ್ಲ. "ಬಾಗಲಾ ಯಾಕ ಹಾಕ್ತಿಯೋ?" ಎಂದು ಅವಳು ಕೇಳಿದಾಗ, "ಗಾಳಿಗೆ ಗ್ಯಾಸ್ ಆರತದವ್ವ" ಎಂದು ಸುಳ್ಳು ಹೇಳಿದೆ. ಗ್ಯಾಸಿನ ಮೇಲೆ ನಾನು ಹಾಕಿದ ಅಪವಾದ ಅದೊಂದೇ ಅಲ್ಲ, ನನ್ನ ಕಣ್ಣೀರಿಗೂ ಅದನ್ನೇ ದೂರಿದ್ದೆ. ಎರಡು ವಾರ ಕಳೆಯಿತು. ಹೇಳಿಬಿಡಬೇಕು ಎಂದು ನಿರ್ಧರಿಸಿದೆ. ಕಲಿತದ್ದೂ ಹಟದಿಂದ, ಹೇಳುವುದೂ ಹಟದಿಂದಲೇ ಆಗಲಿ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಗೋಡೆಗೊರಗಿ ಊಟಕ್ಕೆ ಕೂತಿದ್ದಳು. ಅಡುಗೆಮನೆಯಿಂದ ಬಿಸಿರೊಟ್ಟಿ ತಂದು ಅವಳ ತಟ್ಟೆಗೆ ಹಾಕಿದೆ. ಅವಳು ಮೊದಲ ತುತ್ತು ನುಂಗುವವರೆಗೆ ಕಾದೆ. ಒಂದು ತುತ್ತಾದರೂ ಹೊಟ್ಟೆಗೆ ಹೋಗಿರಲಿ ಎಂಬ ಲೆಕ್ಕ.

"ಅವ್ವಾ, ಒಂದು ಮಾತು ಹೇಳೋದದ. ಸಿಟ್ಟಾಗಬ್ಯಾಡ. ಈ ರೊಟ್ಟಿ ನಾ ಎಡಗೈಲೆ ಬಡದೀನಿ. ಎರಡು ವಾರದಿಂದ್ಲೂ ಎಡಗೈಲೇನ ಬಡಿಯಾಕತ್ತೀನಿ."

ಅವ್ವ ಇನ್ನೊಂದು ತುತ್ತು ಮುರಿದಳು. "ಗೊತ್ತದ" ಎಂದಳು.

"ಗೊತ್ತದ ಅಂದ್ರ?"

"ಮೊದಲ್ನೇ ದಿನಾನ ಗೊತ್ತಾತು. ರೊಟ್ಟಿ ಮ್ಯಾಲ ಬೆರಳು ಮೂಡ್ಯಾವಲ್ಲ, ನೋಡು. ಸುವರ್ಣಾನ ರೊಟ್ಟಿ ಮ್ಯಾಲ ಅವು ಈ ಕಡಿ ವಾಲ್ತಾವ. ನಿನ್ನ ರೊಟ್ಟಿ ಮ್ಯಾಲ ಆ ಕಡಿ. ಹಂಗ ಆ ಕಡಿ ವಾಲೋದು ಇನ್ನೊಬ್ಬಾಕಿ ರೊಟ್ಟಿ ಮ್ಯಾಲ ಮಾತ್ರ ನಾ ನೋಡೀನಿ."

"ಯಾರ ರೊಟ್ಟಿ?"

"ನಂದು."

ನಾನು ಸುವರ್ಣಾಳ ಕಡೆ ನೋಡಿದೆ. ಅವಳು ಪ್ಲಾಸ್ಟರಿನ ಮೇಲೆ ಬರೆದಿದ್ದ ಏನನ್ನೋ ಬಹಳ ಶ್ರದ್ಧೆಯಿಂದ ಓದುತ್ತಿದ್ದಳು. ಅವಳಿಗೆ ಮದುವೆಯಾದ ವರ್ಷದಿಂದಲೇ ಗೊತ್ತಿತ್ತಂತೆ. ಗೊತ್ತಿರದಿದ್ದದ್ದು ಆ ರೊಟ್ಟಿ ತಿಂದು ಐದೂವರೆ ಅಡಿ ಬೆಳೆದ ಭೌತಶಾಸ್ತ್ರದ ಉಪನ್ಯಾಸಕನಿಗೆ ಮಾತ್ರ.

ಅವ್ವ ನಿಧಾನವಾಗಿ ಹೇಳಿದಳು. ಅವಳು ಕೆಂಭಾವಿಯಿಂದ ಬಂದಾಗ ಈ ಮನೆಯ ಒಲೆ ಗೋಡೆಯ ಕಡೆ ಮುಖ ಮಾಡಿತ್ತಂತೆ, ಅಡುಗೆ ಮಾಡುವವರ ಬೆನ್ನು ಮಾತ್ರ ಮಂದಿಗೆ ಕಾಣುತ್ತಿತ್ತಂತೆ. "ಅದೊಂದು ನನ್ನ ಪುಣ್ಯ. ಬಲಗೈಲೆ ಬಡದ್ರ ನನಗೂ ಹರೀತಿತ್ತು, ನಿನ್ನಂಗ. ನಮ್ಮ ಅತ್ತಿ ಬರೋ ಬಳಿ ಸಪ್ಪಳ ಕೇಳಿದ್ರ ಕೈ ಬದಲಿ ಮಾಡ್ತಿದ್ದೆ. ಆಕಿ ಹೋದ್ಲಂದ್ರ ಮತ್ತ ಎಡಗೈ. ನಲವತ್ತು ವರ್ಷ ಹಂಗ ಬಡದೆ. ಎಡಗೈಯ ಸೊಸಿ ಅಂತ ಗೊತ್ತಾಗಿದ್ರ ಆಕಿ ನನ್ನ ಕೈಲೆ ನೀರೂ ಕುಡೀತಿದ್ದಿಲ್ಲ. ಗಂಟುಮೂಟಿ ಕಟ್ಟಿ ಕೆಂಭಾವಿಗೆ ಕಳಸ್ತಿದ್ಲು."

ನನಗೆ ಸಿಟ್ಟು ಬಂತು. ಸುಳ್ಳೇಕೆ, ಬಹಳ ಸಿಟ್ಟು ಬಂತು. "ಮತ್ತ ನನ್ನ ಕೈ ಯಾಕ ಕಟ್ಟಿದಿ ಅವ್ವಾ? ನಿನಗ ಗೊತ್ತಿತ್ತಲ್ಲ ಹೆಂಗ ಆಗ್ತದ ಅಂತ! ನಾ ಅಳ್ತಿದ್ದೆ. ನೀನು ಆ ಕಡಿ ಮಾರಿ ಮಾಡಿ ಕುಂತಿರ್ತಿದ್ದಿ."

ಅವ್ವ ತಟ್ಟೆಯ ಮೇಲೆ ಕೈ ಹಾಗೇ ಇಟ್ಟಳು. "ನೀನು ಕೂಸಿದ್ದಾಗ ಗಿಲಕಿ ಹಿಡದ್ರ ಎಡಗೈ ಚಾಚಿದಿ. ನನ್ನ ಎದಿ ಧಸಕ್ಕಂತು. ಕೂಸಿಗೆ ಇದು ಎಲ್ಲಿಂದ ಬಂತು ಅಂತ ಮನಿ ಮಂದಿ ಕೇಳತಾರಲ್ಲ? ಕೇಳಿದ್ರ ನನ್ನ ಕೈ ನೋಡತಾರಲ್ಲ?" ಎಂದಳು. ನನ್ನ ಎಡಗೈ ನೋಡಿ, "ನಿನ್ನ ಕೈ ಕಟ್ಟಿದ್ದು ನನ್ನ ಕೈ ಕಾಣಬಾರದಂತೋ ತಮ್ಮಾ. ನೋಡಾಕ ಆಗ್ತಿದ್ದಿಲ್ಲ, ಅದಕ್ಕ ಆ ಕಡಿ ಮಾರಿ ಮಾಡ್ತಿದ್ದೆ" ಎಂದಳು.

ಐವತ್ತು ವರ್ಷ ತಡವಾಗಿ ಬಂದ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ನನಗೆ ತಿಳಿಯಲಿಲ್ಲ. ಹದಿನಾರರ ಹುಡುಗಿಯೊಬ್ಬಳು ಗೋಡೆಗೆ ಮುಖ ಮಾಡಿ, ಬಾಗಿಲ ಕಡೆ ಕಿವಿಯಿಟ್ಟು, ತಪ್ ತಪ್ ಎಂದು ಬಡಿಯುತ್ತಿರುವುದು ಕಣ್ಣಿಗೆ ಕಟ್ಟಿತು. ಆ ಹುಡುಗಿಯ ಮೇಲೆ ಹೇಗೆ ಸಿಟ್ಟು ಮಾಡುವುದು? ಸಿಟ್ಟು ಇಳಿಸಲು ಜಾಗ ಸಿಗದಾಗ ಮೇಷ್ಟ್ರುಗಳಿಗೆ ಇರುವ ಒಂದೇ ದಾರಿ ಭಾಷಣ. ಪಡಸಾಲೆಯ ನಡುವೆ ನಿಂತು ಭಾಷಣ ಮಾಡಿದೆ. ಭೂಮಿ ತಿರುಗುವ ದಿಕ್ಕಿನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲವನ್ನೂ ಹೇಳಿದೆ. "ಇನ್ನ ಮ್ಯಾಲ ಈ ಮನ್ಯಾಗ ಯಾರೂ ಯಾವ ಕೈಗೂ ಅಂಜೋದು ಬ್ಯಾಡ. ಬಾಗಲಾ ಹಾಕೋದೂ ಬ್ಯಾಡ. ಅವ್ವಾ, ನೀನು ಇವತ್ತಿನಿಂದ ಯಾವ ಕೈಲೆ ಬೇಕೋ ಆ ಕೈಲೆ ಉಣ್ಣು. ಯಾರು ಏನಂತಾರ ನಾ ನೋಡ್ತೀನಿ!" ಎಂದು ಮುಗಿಸಿದೆ. ಚಪ್ಪಾಳೆ ಬೀಳಲಿಲ್ಲ. ಆದರೆ ಅವ್ವ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈ ಚಾಚಿ, ರೊಟ್ಟಿಯನ್ನು ಮುರಿದಳು. ಬಾತ ಬೆರಳುಗಳು ಎಷ್ಟು ಸಲೀಸಾಗಿ ಮುರಿದವೆಂದರೆ, ಎಪ್ಪತ್ತೇಳು ವರ್ಷ ಅವು ಈ ಕೆಲಸಕ್ಕೇ ಕಾದಿದ್ದವೇನೋ. ಪಲ್ಯ ಹಚ್ಚಿ ಬಾಯಿಗಿಟ್ಟಳು. ಸುವರ್ಣಾ ಕಣ್ಣೊರೆಸಿಕೊಂಡಳು. ನಾನು ಸಮಾಜವನ್ನು ಅರ್ಧ ತಿದ್ದಿದವನ ಗತ್ತಿನಲ್ಲಿ ನಿಂತಿದ್ದೆ.

ಅಷ್ಟರಲ್ಲಿ ತೆರೆದಿದ್ದ ಬಾಗಿಲಲ್ಲಿ, "ಸರ್, ಮನ್ಯಾಗ ಅದೀರೇನ್ರಿ?" ಎಂಬ ದನಿ ಕೇಳಿತು. ನಮ್ಮ ಕಾಲೇಜಿನ ಪ್ರಾಚಾರ್ಯರು, ಅವರ ಹಿಂದೆ ಬಾಳೆಹಣ್ಣಿನ ಚೀಲ ಹಿಡಿದ ಅವರ ಮನೆಯವರು. ಸುವರ್ಣಾಳ ಕೈ ವಿಚಾರಿಸಲು ಬಂದಿದ್ದರು. ಅವರು ಚಪ್ಪಲಿ ಬಿಡುತ್ತಿದ್ದರು, ಇನ್ನೂ ತಲೆಯೆತ್ತಿರಲಿಲ್ಲ. ನಾನು ತಟ್ಟನೆ ಅವ್ವನ ಕಡೆ ಬಗ್ಗಿ, ಹಲ್ಲು ಕಚ್ಚಿ, "ಅವ್ವಾ, ಬಲಗೈ! ಬಲಗೈಲೆ ಉಣ್ಣು, ಮಂದಿ ಬಂದಾರ!" ಎಂದುಬಿಟ್ಟೆ.

ಅವ್ವ ತುತ್ತು ಕೆಳಗಿಡಲಿಲ್ಲ. "ಬರ್ರಿ, ಒಳಗ ಬರ್ರಿ, ಕುಂದರ್ರಿ" ಎಂದು ಅದೇ ಎಡಗೈಯಿಂದ ಅವರಿಗೆ ಕುರ್ಚಿ ತೋರಿಸಿದಳು. ಪ್ರಾಚಾರ್ಯರು ನಗುತ್ತ ಕೂತರು. ಅವರಿಗೆ ನಮಸ್ಕಾರ ಮಾಡಬೇಕೆಂದು ನೋಡುತ್ತೇನೆ, ಹಿಟ್ಟು ಮೆತ್ತಿದ ನನ್ನ ಎಡಗೈ ಆಗಲೇ ಬೆನ್ನ ಹಿಂದೆ ಹೋಗಿ ನಿಂತಿತ್ತು.